ಮೊದಲು ಬ್ರೇಕು, ಆಮೇಲೆ ಡಿಫರೆನ್ಷಿಯಲ್ಲು

ವೇಗದ ಹುಚ್ಚಿಲ್ಲದ ಹರೆಯ ಎಲ್ಲಾದರೂ ಉಂಟೆ? ನಮ್ಮ ಕಾಲದಲ್ಲಿ ಬಾಡಿಗೆ ಸೈಕಲ್ಲನ್ನು ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಓಡಿಸುವುದೇ ದೊಡ್ಡ ಸಾಹಸವಾಗಿತ್ತು. ಬಿದ್ದರೆ ಮೊಣಕಾಲು ತರಚುತ್ತಿತ್ತು, ಮನೆಗೆ ಬಂದರೆ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ಅಲ್ಲಿಗೆ ಕಥೆ ಮುಗಿಯಿತು. ಈಗಿನ ಮಕ್ಕಳ ಕೈಗೆ ಸಿಗುವ ಯಂತ್ರಗಳೇ ಬೇರೆ. ಅವು ತರಚುಗಾಯಕ್ಕೆ ನಿಲ್ಲುವುದಿಲ್ಲ. ಆದ್ದರಿಂದಲೇ ಇಂದಿನ ಅಪ್ಪ ಅಮ್ಮಂದಿರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಒಂದೇ: 'ನಿಧಾನವಾಗಿ ಹೋಗಪ್ಪಾ.' ಮಕ್ಕಳು ತಲೆಯಾಡಿಸುತ್ತಾರೆ, ಹೋಗುವುದು ಮಾತ್ರ ತಮ್ಮ ವೇಗದಲ್ಲೇ.

ಹುಚ್ಚನ್ನು ಗದರಿಸಿ ಓಡಿಸಲು ಆಗುವುದಿಲ್ಲ. ಅದಕ್ಕೊಂದು ಅಂಗಳ ತೋರಿಸಬಹುದೇ, ಒಂದಿಷ್ಟು ಶಿಸ್ತು ಕಲಿಸಬಹುದೇ ಎಂಬುದು ಪ್ರಶ್ನೆ. ಕಳೆದೊಂದು ವರ್ಷದಲ್ಲಿ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತಿತ್ತು. ಅದು ಬಂದ ದಾರಿ ಮಾತ್ರ ವಿಚಿತ್ರ. ಒಂದು ಹಳೆಯ ಕಾರಿಗೆ ಡಿಫರೆನ್ಷಿಯಲ್ ಬದಲಿಸಬೇಕೋ, ಬ್ರೇಕ್ ಬದಲಿಸಬೇಕೋ ಎಂಬ ಚರ್ಚೆಯ ರೂಪದಲ್ಲಿ ಬಂತು.

ನಾವಿರುವುದು ಬಿಳೇಕಹಳ್ಳಿಯಲ್ಲಿ. ಬನ್ನೇರುಘಟ್ಟ ರಸ್ತೆ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಡೆ ಐಐಎಂ, ನಡುವೆ ಮೆಟ್ರೊ ಕಂಬಗಳ ಸಾಲು, ಅವುಗಳ ಕೆಳಗೆ ಬಸ್ಸು, ಕಾರು, ಆಟೋಗಳ ಜಾತ್ರೆ. ಹಗಲಿನಲ್ಲಿ ಇಲ್ಲಿ ಕಾರಿಗಿಂತ ಕಾಲ್ನಡಿಗೆಯೇ ವಾಸಿ. ಆದರೆ ರಾತ್ರಿ ಹನ್ನೊಂದು ದಾಟಲಿ, ಅದೇ ರಸ್ತೆಯ ಚಹರೆ ಬದಲಾಗುತ್ತದೆ. ಹಾಸಿಗೆಯಲ್ಲಿ ಮಲಗಿದ್ದವರಿಗೂ ಯಾವುದೋ ಬೈಕು ಹೊಟ್ಟೆ ಹರಿದುಕೊಂಡು ಹೋಗುವ ಸದ್ದು ಕೇಳುತ್ತದೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಹಾಗೆ ಹೋದವನು ಮರಳಿ ಬರಲಿಲ್ಲ. ಅವನಿಗೆ ಆಗ ಹತ್ತೊಂಬತ್ತು ವರ್ಷ. ನನ್ನ ತಂಗಿಯ ಮಗನೂ ಅವನೂ ಒಂದೇ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಅಂದಿನಿಂದ ಮಗ ಮನೆಗೆ ಬಂದು ಗೇಟಿನ ಚಿಲಕ ಹಾಕುವ ಸದ್ದು ಕೇಳುವವರೆಗೆ ನನ್ನ ತಂಗಿ ಕಣ್ಣು ಮುಚ್ಚುವುದಿಲ್ಲ.

ಈ ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಮೂರನೆಯ ವರ್ಷದಲ್ಲಿದ್ದಾನೆ. ಕಳೆದ ವರ್ಷ ಒಂದು ಭಾನುವಾರ ತಿಂಡಿಯ ಹೊತ್ತಿಗೆ ಮನೆಯಲ್ಲಿ ಬಾಂಬು ಹಾಕಿದ. ಅಪ್ಪನ ಹಳೆಯ ಸ್ವಿಫ್ಟ್ ಕಾರನ್ನು ಮಾರುವುದು ಬೇಡ, ತನಗೆ ಕೊಡಿ, ತಾನು ಅದನ್ನು 'ಟ್ರ್ಯಾಕ್ ಡೇ'ಗೆ ಸಿದ್ಧಪಡಿಸುತ್ತೇನೆ ಎಂದ. ಎರಡು ವರ್ಷ ಮಕ್ಕಳಿಗೆ ಗಣಿತದ ಪಾಠ ಹೇಳಿ, ರಜೆಯಲ್ಲಿ ತರಬೇತಿಗೆ ಹೋಗಿ ಸಂಪಾದಿಸಿದ ಎಂಬತ್ತೈದು ಸಾವಿರ ರೂಪಾಯಿ ಅವನ ಖಾತೆಯಲ್ಲಿತ್ತು. ಆ ಹಣಕ್ಕೆ ತಂಗಿಯ ಮನಸ್ಸಿನಲ್ಲಿ ಬೇರೆಯೇ ಉಪಯೋಗವಿತ್ತು. ಮುಂದಿನ ಓದಿಗೆ ಪರೀಕ್ಷಾ ಶುಲ್ಕ, ಅರ್ಜಿ ಶುಲ್ಕ ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದಳು. ಭಾವನವರು ಎಂದಿನಂತೆ ಪತ್ರಿಕೆಯ ಮರೆಯಿಂದಲೇ, 'ನಿಮ್ಮಣ್ಣನ್ನ ಕೇಳು' ಎಂದುಬಿಟ್ಟರು. ಮೂವತ್ತು ವರ್ಷ ಕಾರ್ಖಾನೆಯ ಗೇರ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಹೀಗೆ ಪಂಚಾಯಿತಿ ನನ್ನ ತಲೆಗೆ ಬಂತು.

'ಅಣ್ಣ, ನೀನೇ ಬೇಡ ಅಂತ ಹೇಳಿಬಿಡು. ನಿನ್ನ ಮಾತಾದ್ರೆ ಕೇಳ್ತಾನೆ' ಎಂದಳು ತಂಗಿ.

ಟ್ರ್ಯಾಕ್ ಡೇ ಎಂದರೇನು ಎಂದು ತಿಳಿಯದ ಓದುಗರಿಗೆ ಒಂದು ಮಾತು. ಇದು ಪಂದ್ಯವಲ್ಲ, ಬಹುಮಾನವಿಲ್ಲ. ಮೋಟಾರ್ ಓಟದ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಶುಲ್ಕ ಕೊಟ್ಟವರಿಗೆ ತೆರೆಯುತ್ತಾರೆ. ಎದುರಿನಿಂದ ವಾಹನ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಶಾಲೆಯ ಮಗು ರಸ್ತೆ ದಾಟುವುದಿಲ್ಲ. ಹೆಲ್ಮೆಟ್ ಕಡ್ಡಾಯ, ಆಂಬುಲೆನ್ಸ್ ನಿಂತಿರುತ್ತದೆ, ಬಾವುಟ ತೋರಿಸುವ ಮಾರ್ಷಲ್‌ಗಳಿರುತ್ತಾರೆ. ಹತ್ತು ಹದಿನೈದು ನಿಮಿಷದ ಸರದಿಗಳಲ್ಲಿ ತಮ್ಮ ಕಾರನ್ನು ಅದರ ಮಿತಿಯವರೆಗೆ ಓಡಿಸಿ ನೋಡಬಹುದು. ಬೆಂಗಳೂರಿನವರಿಗೆ ಹೆಸರುವಾಸಿಯಾದ ಟ್ರ್ಯಾಕ್ ಬೇಕೆಂದರೆ ತಮಿಳುನಾಡಿಗೆ ಹೋಗಬೇಕು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ 3.7 ಕಿಲೋಮೀಟರ್ ಉದ್ದದ್ದೊಂದು, ಕೊಯಮತ್ತೂರಿನ ಬಳಿ ಸುಮಾರು ಎರಡು ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು. ಎರಡಕ್ಕೂ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ.

ನಾನು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹುಡುಗನನ್ನು ಕರೆದು, 'ಏನೇನು ಬದಲಾಯಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ, ಏಕೆ ಅನ್ನೋದನ್ನ ಒಂದು ಹಾಳೆ ಮೇಲೆ ಬರ್ಕೊಂಡು ಬಾ. ಪ್ರತಿಯೊಂದಕ್ಕೂ ಕಾರಣ ಇರ್ಬೇಕು. ಅದನ್ನ ನಿಮ್ಮಮ್ಮನಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು' ಎಂದೆ. ತಂಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಅವಳನ್ನು ಒಪ್ಪಿಸುವುದು ಸುಲಭದ ಕೆಲಸವಲ್ಲ.

ಮಾರನೆಯ ದಿನವೇ ಹಾಳೆ ಬಂತು. ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್' ಎಂದಿತ್ತು. ಎರಡನೆಯದು ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್. ಮೂರನೆಯದು ಹೊಗೆಕೊಳವೆ. ಕಟ್ಟಕಡೆಗೆ, ಜಾಗ ಉಳಿದಿದೆಯಲ್ಲ ಎಂಬಂತೆ, 'ಬ್ರೇಕ್ ಆಯಿಲ್' ಎಂದು ಬರೆದಿದ್ದ.

ತಂಗಿ ಮೊದಲು ಕೇಳಿದ್ದೇ, 'ಈ ಡಿಫರೆನ್ಷಿಯಲ್ ಅಂದ್ರೇನೋ?'

ಎತ್ತಿನ ಗಾಡಿಗೆ ಬೇಡದ್ದು, ಕಾರಿಗೆ ಬೇಕಾದದ್ದು

ತಿರುವಿನಲ್ಲಿ ಹೊರಗಡೆಯ ಚಕ್ರ ಹೆಚ್ಚು ದೂರ ಓಡಬೇಕು, ಒಳಗಡೆಯದು ಕಡಿಮೆ. ಎತ್ತಿನ ಗಾಡಿಯಲ್ಲಿ ಇದು ಸಮಸ್ಯೆಯೇ ಅಲ್ಲ. ಅಲ್ಲಿ ಎಳೆಯುವುದು ಎತ್ತು, ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಕಾರಿನಲ್ಲಿ ಹಾಗಲ್ಲ. ಎಂಜಿನ್ನು ಎರಡು ಚಕ್ರಗಳನ್ನೂ ತಿರುಗಿಸಬೇಕು, ಜತೆಗೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಈ ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಗೇರುಗಳ ಗುಂಪೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲೇ ಹಬೆಯ ಗಾಡಿಗಾಗಿ ಇದನ್ನು ರೂಪಿಸಿದ್ದ. ಪೆಟ್ರೋಲ್ ಕಾರು ಹುಟ್ಟಲು ಆಗಿನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು ಎಂದರೆ ನೋಡಿ.

ಆದರೆ ಸಾಮಾನ್ಯ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಅದು ಎರಡು ಚಕ್ರಗಳಿಗೂ ಸಮಾನ ತಿರುಚುಬಲ ಕೊಡುತ್ತದೆ. ಸಮಾನ ಎಂದ ಮೇಲೆ, ಕಡಿಮೆ ಹಿಡಿತವಿರುವ ಚಕ್ರ ಎಷ್ಟನ್ನು ತಾಳಿಕೊಳ್ಳುತ್ತದೋ ಅಷ್ಟೇ ಇನ್ನೊಂದಕ್ಕೂ ಸಿಗುವುದು. ಮಳೆಗಾಲದಲ್ಲಿ ಒಂದು ಚಕ್ರ ಕೆಸರಿಗಿಳಿದ ಲಾರಿಯನ್ನು ನೀವು ನೋಡಿರುತ್ತೀರಿ. ಕೆಸರಿನಲ್ಲಿರುವ ಚಕ್ರ ಗರಗರ ತಿರುಗಿ ಮಣ್ಣು ಹಾರಿಸುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಅದಕ್ಕೇ ಟ್ರ್ಯಾಕ್ಟರಿನಲ್ಲಿ ರೈತನ ಕಾಲಬುಡದಲ್ಲಿ ಒಂದು ಲಾಕ್ ಪೆಡಲ್ ಕೊಟ್ಟಿರುತ್ತಾರೆ. ಅದನ್ನು ಒತ್ತಿದರೆ ಎರಡು ಚಕ್ರವೂ ಒಂದಾಗಿ ತಿರುಗುತ್ತವೆ. ಹೊಲದಲ್ಲಿ ನೇರ ಸಾಲಿಗೆ ಅದು ಸರಿ, ತಿರುವಿನಲ್ಲಿ ಬಿಡಲೇಬೇಕು.

ಟ್ರ್ಯಾಕಿನಲ್ಲಿ ಕಾರು ಜೋರಾಗಿ ತಿರುಗುವಾಗ ಭಾರವೆಲ್ಲ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ, ಒಳಗಿನದು ಹಗುರವಾಗುತ್ತದೆ. ಆಗ ಆಕ್ಸಿಲರೇಟರ್ ತುಳಿದರೆ ಒಳಚಕ್ರ ಕೆಸರಿನ ಚಕ್ರದಂತೆ ಸುಮ್ಮನೆ ತಿರುಗಿ ಶಕ್ತಿ ಪೋಲಾಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಈ ಪೋಲನ್ನು ತಡೆದು, ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಕಳಿಸುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಕ್ಲಚ್ ತಟ್ಟೆಗಳನ್ನು ಜೋಡಿಸಿದ್ದು. ಹಿಡಿತ ಬಿಗಿ, ಆದರೆ ತಟ್ಟೆಗಳು ಸವೆಯುತ್ತವೆ, ಅದರ ಆಯಿಲ್ ಮೇಲೆ ಸದಾ ನಿಗಾ ಬೇಕು, ಮುಂಚಕ್ರ ಎಳೆಯುವ ಕಾರಿನಲ್ಲಾದರೆ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುವಂತೆ ಜಗ್ಗಬಹುದು. ಇನ್ನೊಂದು, ಓರೆ ಹಲ್ಲಿನ ಗೇರುಗಳ ಜಾತಿ. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ ಟಾರ್ಸೆನ್ ಈ ಮನೆತನದ ಹಿರಿಯ. ಇದು ಮೃದು, ಸವೆತ ಕಡಿಮೆ. ಆದರೆ ಒಂದು ಚಕ್ರ ನೆಲ ಬಿಟ್ಟು ಪೂರ್ತಿ ಮೇಲೆದ್ದರೆ ಇದರ ಆಟ ನಡೆಯುವುದಿಲ್ಲ. ಹಿಡಿತವಿಲ್ಲದ ಚಕ್ರದ ಬಲವನ್ನು ಇಷ್ಟು ಪಟ್ಟು ಹೆಚ್ಚಿಸಿ ಇನ್ನೊಂದಕ್ಕೆ ಕೊಡುವುದು ಇದರ ಗುಣ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ತಾನೆ?

ಇಷ್ಟನ್ನು ಹುಡುಗ ಎರಡು ತಟ್ಟೆ, ಒಂದು ಲಟ್ಟಣಿಗೆ ಇಟ್ಟುಕೊಂಡು ಅಮ್ಮನಿಗೆ ಚೆನ್ನಾಗಿಯೇ ವಿವರಿಸಿದ. ಮೂವತ್ತು ವರ್ಷ ಗೇರಿನ ಹಲ್ಲು ಎಣಿಸಿದ ನನಗೂ ಖುಷಿಯಾಯಿತು. ಆದರೆ ತಂಗಿ ಮೇಷ್ಟ್ರ ಧಾಟಿಯಲ್ಲೇ ಕೇಳಿದಳು: 'ಸರಿ ಕಣೋ. ಇದು ಕಾರು ತಿರುವಿನಿಂದ ಜೋರಾಗಿ ಹೊರಗೆ ಬರೋದಕ್ಕಾಯ್ತು. ತಿರುವಿಗೆ ಮೊದ್ಲು ನಿಧಾನ ಆಗ್ಬೇಕಲ್ಲ, ಅದಕ್ಕೇನ್ ಮಾಡ್ತೀಯ?'

ಹುಡುಗ ಹಾಳೆಯ ಕೊನೆಯ ಸಾಲನ್ನು ನೋಡಿದ. ನಾನೇನೂ ಮಾತಾಡಲಿಲ್ಲ.

ಒಂದು ಹಂಡೆ ನೀರಿನ ಲೆಕ್ಕ

ಆ ಸಂಜೆ ಮೂವರೂ ಕುಳಿತು ಲೆಕ್ಕ ಹಾಕಿದೆವು. ವಿದ್ಯಾರ್ಥಿಗಳೇ, ನೀವೂ ಪೆನ್ಸಿಲ್ ಹಿಡಿಯಿರಿ. ಕಾರಿನ ತೂಕ ಲೆಕ್ಕಕ್ಕೆ ಸುಲಭವಾಗಲೆಂದು 1000 ಕಿಲೋ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 27.8 ಮೀಟರ್. ಅರ್ಧ ರಾಶಿ, ಗುಣಿಸು ವೇಗದ ವರ್ಗ. ಉತ್ತರ ಸುಮಾರು 3,86,000 ಜೂಲ್. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಅಲ್ಲಿಗೆ ಮುಟ್ಟಿಸಲು ಸುಮಾರು 3,01,000 ಜೂಲ್ ಸಾಕು. ಅಂದರೆ ನೂರರ ವೇಗದಲ್ಲಿರುವ ಕಾರನ್ನು ಒಮ್ಮೆ ನಿಲ್ಲಿಸುವುದೆಂದರೆ ಒಂದೂಕಾಲು ಲೀಟರಿಗೂ ಹೆಚ್ಚು ನೀರನ್ನು ಕೆಲವೇ ಸೆಕೆಂಡುಗಳಲ್ಲಿ ಕುದಿಯಲಿಡುವಷ್ಟು ಶಾಖ. ವೇಗ 140ಕ್ಕೆ ಏರಿದರೆ ಶಾಖ ಹೆಚ್ಚುಕಡಿಮೆ ದುಪ್ಪಟ್ಟು.

ಟ್ರ್ಯಾಕಿನಲ್ಲಿ ಪೂರ್ತಿ ನಿಲ್ಲಿಸುವುದಿಲ್ಲ, ನೂರರಿಂದ ಐವತ್ತಕ್ಕೆ ಇಳಿಸುತ್ತೇವೆ ಎಂದುಕೊಳ್ಳಿ. ವೇಗ ಅರ್ಧವಾದರೂ ಶಕ್ತಿಯ ಮುಕ್ಕಾಲು ಪಾಲು ಹೋಗಿರುತ್ತದೆ. ಒಂದು ಸುತ್ತಿಗೆ ನಾಲ್ಕು ಸಲ, ಹತ್ತು ಸುತ್ತಿಗೆ ನಲವತ್ತು ಸಲ. ಗಾಳಿಯ ತಡೆ, ಎಂಜಿನ್ನಿನ ತಡೆ ಸ್ವಲ್ಪ ಹೊರೆ ಹೊರುತ್ತವೆ, ನಿಜ. ಆದರೂ ಹದಿನೈದು ನಿಮಿಷದಲ್ಲಿ ಸುಮಾರು ಮೂವತ್ತೆಂಟು ಲೀಟರ್, ಎಂದರೆ ಒಂದು ಹಂಡೆ ನೀರು ಕುದಿ ಬರುವಷ್ಟು ಶಾಖದ ಲೆಕ್ಕವಿದು. ನೀರೊಲೆಗೆ ಸೌದೆ ಒಟ್ಟಿ ಗೊತ್ತಿದ್ದವರಿಗೆ ಅದರ ಅರ್ಥವಾದೀತು. ಈ ಶಾಖವನ್ನೆಲ್ಲ ನಾಲ್ಕು ಚಕ್ರಗಳ ಒಳಗಿನ ಬ್ರೇಕುಗಳು ನುಂಗಿ ಗಾಳಿಗೆ ಬಿಡಬೇಕು. ಬ್ರೇಕ್ ಒತ್ತಿದಾಗ ಕಾರು ಮುಂದಕ್ಕೆ ಬಾಗುವುದರಿಂದ ಹೆಚ್ಚಿನ ಪಾಲು ಮುಂದಿನ ಎರಡರ ಮೇಲೇ ಬೀಳುತ್ತದೆ.

ಈಗ ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎನ್ನುವ ದ್ರವಕ್ಕೆ ಬರೋಣ. ಅದು ನಿಜವಾಗಿ ಎಣ್ಣೆಯಲ್ಲ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ. ಮಾರುಕಟ್ಟೆಯಲ್ಲಿ ಸಿಗುವ ಡಾಟ್-3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ 140 ಡಿಗ್ರಿಯವರೆಗೆ. ಡಾಟ್-4ಕ್ಕೆ ಈ ಮಿತಿಗಳು 230 ಮತ್ತು 155. ಡಾಟ್-5.1ಕ್ಕೆ 260 ಮತ್ತು 180. ಹಳೆಯ ಆಯಿಲ್ ಹಾಗೇ ಬಿಟ್ಟ ಕಾರು ಟ್ರ್ಯಾಕಿಗೆ ಇಳಿದರೆ ಕ್ಯಾಲಿಪರಿನ ಶಾಖಕ್ಕೆ ಅದು ಕುದಿಯುತ್ತದೆ.

'ಕುದಿದ್ರೆ ಏನಾಗುತ್ತೆ?' ಎಂದು ಹುಡುಗ ಅಮ್ಮನನ್ನೇ ಕೇಳಿದ. ತಂಗಿ ಒಂದು ಕ್ಷಣ ಯೋಚಿಸಿದಳು. 'ಕುದಿದ್ರೆ ಆವಿ. ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಅಂದ್ರೆ... ನೀನು ಪೆಡಲ್ ಒತ್ತುತೀಯ, ಪೆಡಲ್ ಒಳಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ.'

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪಕ್ಕದ ಬೀದಿಯ ಹುಡುಗನ ನೆನಪು ಮೂವರಿಗೂ ಬಂದಿರಬೇಕು. ತಂಗಿ ಹಾಳೆ ತೆಗೆದುಕೊಂಡು ಪೆನ್ನಿನಿಂದ ಕೊನೆಯ ಸಾಲಿಗೆ ಸುತ್ತುಹಾಕಿ, ಅಲ್ಲಿಂದ ಒಂದು ಬಾಣ ಎಳೆದು ಪಟ್ಟಿಯ ತಲೆಯ ಮೇಲೆ ತಂದು ನಿಲ್ಲಿಸಿದಳು. ಆ ಬಾಣ ಎಳೆದಾಗಲೇ ಅವಳು ಅರ್ಧ ಒಪ್ಪಿದಳು ಎಂದು ನನಗೆ ಗೊತ್ತಾಯಿತು.

ದೊಡ್ಡದೆಲ್ಲ ಒಳ್ಳೆಯದಲ್ಲ

ಉಳಿದದ್ದು ದೊಡ್ಡ ಡಿಸ್ಕಿನ ಪ್ರಶ್ನೆ. ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಕಾರನ್ನು ಕೊನೆಗೆ ನಿಲ್ಲಿಸುವುದು ಟಯರು ಮತ್ತು ರಸ್ತೆಯ ನಡುವಿನ ಹಿಡಿತ. ಈಗಿರುವ ಬ್ರೇಕೇ ಚಕ್ರವನ್ನು ಕಚ್ಚಿ ನಿಲ್ಲಿಸುವಷ್ಟು ಬಲವಾಗಿದ್ದರೆ ಡಿಸ್ಕ್ ಎಷ್ಟು ದೊಡ್ಡದಾದರೇನು, ಅದಕ್ಕಿಂತ ಬೇಗ ನಿಲ್ಲದು. ದೊಡ್ಡ ಡಿಸ್ಕಿನ ಲಾಭವಿರುವುದು ಹತ್ತನೆಯ ಸುತ್ತಿನಲ್ಲೂ ಮೊದಲ ಸುತ್ತಿನಂತೆ ಶಾಖ ತಾಳುವುದರಲ್ಲಿ. ಅದರಲ್ಲೂ ಮುಂದಿನದನ್ನು ಮಾತ್ರ ಬದಲಿಸಿ, ಹಿಂದಿನದನ್ನು ಮರೆತರೆ ಕಾರಖಾನೆಯವರು ಕೂಡಿಸಿಟ್ಟ ಮುಂದು ಹಿಂದಿನ ಸಮತೋಲ ಕೆಡುತ್ತದೆ. ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರಂತೂ ಕಾರು ಬುಗುರಿಯಾಗುತ್ತದೆ.

ಹೊಸ ಕಾರುಗಾರನಿಗೆ ಮೊದಲು ಬೇಕಾದದ್ದು ಒಳ್ಳೆಯ ಬ್ರೇಕ್ ಪ್ಯಾಡು. ಊರಿನ ಓಡಾಟಕ್ಕೆ ಮಾಡಿದ ಪ್ಯಾಡು ಮುನ್ನೂರು ನಾನೂರು ಡಿಗ್ರಿಯ ಶಾಖ ಕಂಡರೆ ಕಚ್ಚುವ ಗುಣವನ್ನೇ ಕಳೆದುಕೊಳ್ಳಬಹುದು. ಹಾಗೆಂದು ಪಕ್ಕಾ ರೇಸಿನ ಪ್ಯಾಡ್ ಹಾಕುವುದೂ ಜಾಣತನವಲ್ಲ. ಅದು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ, ಕಿರುಚುತ್ತದೆ, ಡಿಸ್ಕನ್ನು ತಿನ್ನುತ್ತದೆ. ನಡುವಿನ ದರ್ಜೆಯದು ಸಾಕು. ಹೊಸ ಪ್ಯಾಡನ್ನು ಹಾಕಿದೊಡನೆ ಟ್ರ್ಯಾಕಿಗೆ ಇಳಿಯಬಾರದು. ಹಂತಹಂತವಾಗಿ ಬಿಸಿಮಾಡಿ, ತಣ್ಣಗಾಗಿಸಿ, ಡಿಸ್ಕಿನೊಡನೆ ಪಳಗಿಸಬೇಕು. ಹೊಸ ದೋಸೆ ಕಾವಲಿಯನ್ನು ಪಳಗಿಸಿದ ಹಾಗೆ.

ಬ್ರೇಕಿನ ಮಹಿಮೆಗೆ ಚರಿತ್ರೆಯ ಸಾಕ್ಷಿಯೂ ಇದೆ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಜಾಗ್ವಾರ್ ಕಾರು ಗೆದ್ದಿತು. ಆ ಕಾರಿನಲ್ಲಿ ಹೊಸದಾಗಿದ್ದದ್ದು ಡಿಸ್ಕ್ ಬ್ರೇಕು. ತಡವಾಗಿ ಬ್ರೇಕ್ ಹಾಕಿಯೂ ನಂಬಿಕೆಯಿಂದ ತಿರುವು ತೆಗೆದುಕೊಳ್ಳಬಲ್ಲ ಕಾರು ದಿನವಿಡೀ ಓಡಿದರೂ ಹಿಂದೆ ಬೀಳುವುದಿಲ್ಲವೆಂದು ಅಂದು ಲೋಕಕ್ಕೆ ಗೊತ್ತಾಯಿತು.

ಇಂದಿನ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿವೆ. 1981ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಪರಂಪರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಪುಟ್ಟ ರೇಸ್ ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸುತ್ತಾರೆ. ನಮ್ಮ ದೇಶದ ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಆ ಕರಿ ಟ್ರ್ಯಾಕಿನಲ್ಲೇ ನಡೆಯುತ್ತ ಬಂದಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ ಎರಡು ದಶಕಗಳಿಂದ ಇಂಥ ಕಾರುಗಳನ್ನು ಕಟ್ಟುತ್ತಿದೆ. ಈ ಸ್ಪರ್ಧೆಯ ಒಂದು ನಿಯಮ ಕೇಳಿ. ಕಾರು ಎಷ್ಟೇ ಚೆಂದವಿರಲಿ, ಮೊದಲು ಓಡಿ ಬಂದು ಬ್ರೇಕ್ ಒತ್ತಿ ನಾಲ್ಕೂ ಚಕ್ರಗಳನ್ನು ಕಚ್ಚಿ ನಿಲ್ಲಿಸಿ ತೋರಿಸಬೇಕು. ಅದಾಗದಿದ್ದರೆ ಓಟದ ಪರೀಕ್ಷೆಗಳಿಗೆ ಪ್ರವೇಶವೇ ಇಲ್ಲ.

ಇನ್ನೊಂದು ನಿಯಮವನ್ನು ನಮ್ಮ ಹುಡುಗನೇ ತೋರಿಸಿದ. ಹಿಂದಿನ ಎರಡು ಚಕ್ರಗಳಿಗೆ ಒಂದೇ ಬ್ರೇಕ್ ಸಾಕು, ಆದರೆ ನಡುವಿನ ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ ಜಾತಿಯದಾಗಿರಬೇಕು. ಸಾಮಾನ್ಯ ಡಿಫರೆನ್ಷಿಯಲ್ ಆದರೆ ಒಂದು ಚಕ್ರ ನಿಂತು ಇನ್ನೊಂದು ತಿರುಗುತ್ತಲೇ ಇರಬಹುದು. 'ನೋಡಿ ಮಾಮ, ಎರಡೂ ಒಂದಕ್ಕೊಂದು ನೆಂಟರು' ಎಂದ. ಹೌದಪ್ಪ, ನೆಂಟರೇ. ಆದರೂ ಪಂಕ್ತಿಯಲ್ಲಿ ಯಾರಿಗೆ ಮೊದಲು ಬಡಿಸಬೇಕು ಎಂಬುದೊಂದು ಕ್ರಮ ಉಂಟಲ್ಲ! ಬ್ರೇಕ್ ಆಯಿಲ್ ಬದಲಿಸದೆ ಆಮದಿನ ಡಿಫರೆನ್ಷಿಯಲ್ ತರುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದ ಹಾಗೆ. ಸಾಗಣೆ, ಸುಂಕ ಎಲ್ಲ ಸೇರಿಸಿದರೆ ಅದೊಂದಕ್ಕೇ ಅವನ ಎಂಬತ್ತೈದು ಸಾವಿರ ಸಾಲುತ್ತಿರಲಿಲ್ಲ. ಹೋಗಿಬರುವ ಖರ್ಚು, ಹೆಲ್ಮೆಟ್ಟು, ಟ್ರ್ಯಾಕಿನ ಶುಲ್ಕ ಬೇರೆ.

ಕಾನೂನಿನ ಮಾತನ್ನು ತೆಗೆದವರು ಭಾವನವರು. ಪತ್ರಿಕೆ ಓದುವವರಿಗೆ ಅಷ್ಟಾದರೂ ಪ್ರಯೋಜನ ಬೇಡವೆ? ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಸಾಮಾನ್ಯ ಕಾರಿನ ವಿಮೆ ರೇಸಿಗೂ ವೇಗದ ಪರೀಕ್ಷೆಗೂ ಅನ್ವಯಿಸುವುದಿಲ್ಲವೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಅಪ್ರಾಪ್ತ ಮಕ್ಕಳ ಕೈಗೆ ಕೀಲಿ ಕೊಡುವ ತಂದೆತಾಯಿಗಳಂತೂ ಇನ್ನೊಂದನ್ನು ನೆನಪಿಡಬೇಕು: 2019ರ ತಿದ್ದುಪಡಿಯ ಪ್ರಕಾರ ಮಗು ತಪ್ಪು ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಆದ್ದರಿಂದ ನಮ್ಮ ತೀರ್ಮಾನ ಹೀಗಾಯಿತು: ದೊಡ್ಡ ಬದಲಾವಣೆ ಯಾವುದೂ ಬೇಡ, ಕಾರು ಟ್ರ್ಯಾಕಿಗೆ ಲಾರಿಯ ಮೇಲೆ ಹೋಗಬೇಕು, ಬೀದಿಗೆ ಅದರ ವೇಗ ಬರಕೂಡದು.

ಟ್ರ್ಯಾಕಿನ ದಿನ

ಎರಡು ಶನಿವಾರ ಹುಡುಗನೂ ನಾನೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಸುತ್ತಿದೆವು. ಮುಂದಿನ ಪ್ಯಾಡು, ಹಿಂದಿನ ಡ್ರಮ್ಮಿನ ಶೂ, ಡಾಟ್-4 ದರ್ಜೆಯ ಹೊಸ ಆಯಿಲ್, ಬಿರುಕು ಬಿಟ್ಟಿದ್ದ ರಬ್ಬರ್ ಕೊಳವೆಗಳ ಬದಲು ಹೊಸವು ಬಂದವು. ಹಳೆಯ ಆಯಿಲ್ ಹೊರತೆಗೆದಾಗ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಕುಳಿತು ಗಾಳಿಯ ಗುಳ್ಳೆ ಹೋಗುವವರೆಗೆ ಹಿಂಡಬೇಕು. ಪೆಡಲ್ ಒತ್ತುವ ಕೆಲಸವನ್ನು ತಂಗಿಯೇ ಕೇಳಿ ತೆಗೆದುಕೊಂಡಳು. 'ಒತ್ತಿದೆ... ಬಿಟ್ಟೆ...' ಎಂದು ಅವಳು ಕೂಗುವುದು, ಮಗ ಕೆಳಗಿನಿಂದ 'ಇನ್ನೊಂದ್ಸಲ ಅಮ್ಮಾ' ಎನ್ನುವುದು ಬೀದಿಯವರಿಗೆಲ್ಲ ಪುಕ್ಕಟೆ ನಾಟಕವಾಯಿತು. ಕೊನೆಗೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದಾಗ ಅವಳ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

ಚಿತ್ರಾನ್ನದ ಡಬ್ಬಿಯೊಂದಿಗೆ ತಂಗಿಯೂ ಕೊಯಮತ್ತೂರಿಗೆ ಹೊರಟಳು. ಬೇಡವೆಂದರೆ ಕೇಳುವವಳಲ್ಲ. ಅಲ್ಲಿ ಬಂದಿದ್ದ ಕಾರುಗಳಲ್ಲಿ ನಮ್ಮದೇ ಬಡವ. ಪಕ್ಕದಲ್ಲಿದ್ದ ಒಂದು ಕಾರಿಗೆ ಅಗಲದ ಚಕ್ರ, ಗುಡುಗಿನ ಹೊಗೆಕೊಳವೆ, ಮೈತುಂಬ ಸ್ಟಿಕ್ಕರು. ಎರಡನೆಯ ಸರದಿಯಲ್ಲಿ ಅದು ನೇರ ದಾರಿಯ ಕೊನೆಗೆ ತಿರುಗದೆ ಹುಲ್ಲಿನೊಳಕ್ಕೆ ನುಗ್ಗಿ ಧೂಳೆಬ್ಬಿಸಿ ನಿಂತಿತು. ಓಡಿಸುತ್ತಿದ್ದ ಹುಡುಗ ಇಳಿದು ಬಂದ, ದೇವರ ದಯೆ, ಕೂದಲೂ ಕೊಂಕಿರಲಿಲ್ಲ. 'ಪೆಡಲ್ ಪೂರ್ತಿ ಒಳಗೆ ಹೋಯ್ತು' ಎಂದು ಅವನು ಯಾರಿಗೋ ಹೇಳುವುದು ನಮಗೆ ಕೇಳಿಸಿತು. ತಂಗಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಹುಡುಗನಿಗೂ ಒಂದು ತಟ್ಟೆ ಚಿತ್ರಾನ್ನ ಬಡಿಸಿದಳು.

ನಮ್ಮವನು ಎಂಟು ಸುತ್ತು ಓಡಿಸಿ, ಒಂಬತ್ತನೆಯದನ್ನು ಬ್ರೇಕನ್ನೇ ಮುಟ್ಟದಂತೆ ನಿಧಾನವಾಗಿ ಸುತ್ತಿ ಒಳಗೆ ಬಂದ. ಬ್ರೇಕಿಗೆ ಗಾಳಿ ಬಡಿದು ತಣ್ಣಗಾಗಲೆಂದು ಆ ಸುತ್ತು. ಇಳಿದವನೇ ಚಕ್ರಕ್ಕೆ ಕಲ್ಲು ಕೊಟ್ಟ. 'ಹ್ಯಾಂಡ್ ಬ್ರೇಕ್ ಹಾಕ್ಲೇ ಇಲ್ವಲ್ಲೋ!' ಎಂದಳು ತಂಗಿ. ಕಾದ ಡ್ರಮ್ಮಿಗೆ ಶೂ ಒತ್ತಿ ನಿಲ್ಲಿಸಿದರೆ ತಣ್ಣಗಾಗುವಾಗ ಹಿಡಿದುಕೊಳ್ಳಬಹುದು, ಡ್ರಮ್ಮಿನ ಆಕಾರವೂ ಕೆಡಬಹುದು ಎಂದು ಅವನು ವಿವರಿಸಿದ. ಕಾರಿನಿಂದ ಸುಟ್ಟ ವಾಸನೆ ಬರುತ್ತಿತ್ತು, ಪೆಡಲ್ ಮಾತ್ರ ಗಟ್ಟಿಯಾಗಿತ್ತು. ತಂಗಿ ತಾನೇ ಕುಳಿತು ಒತ್ತಿ ನೋಡಿದಳು.

ಸಂಜೆ ಕಾರನ್ನು ಲಾರಿಗೆ ಏರಿಸುವಾಗ ಡಿಫರೆನ್ಷಿಯಲ್ ಏನಾಯಿತೆಂದು ಕೇಳಿದೆ. 'ಒಂದು ನಿಧಾನದ ತಿರುವಿನಲ್ಲಿ ಒಳಚಕ್ರ ಸುಮ್ನೆ ತಿರುಗ್ತಾ ಇತ್ತು ಮಾಮ, ಕಿರುಚೋದು ಕೇಳಿಸ್ತು. ಆದ್ರೆ ಆಕ್ಸಿಲರೇಟರನ್ನ ಒಂಚೂರು ತಡವಾಗಿ ತುಳಿದ್ರೆ ಆ ಸದ್ದು ಇರ್ಲಿಲ್ಲ. ಡಿಫರೆನ್ಷಿಯಲ್ ಬೇಕೋ, ನನ್ನ ಕಾಲು ಕಲಿಬೇಕೋ, ಇನ್ನೂ ಗೊತ್ತಾಗ್ಲಿಲ್ಲ' ಎಂದ. ಇಪ್ಪತ್ತರ ಹುಡುಗನ ಬಾಯಲ್ಲಿ 'ಇನ್ನೂ ಗೊತ್ತಾಗಲಿಲ್ಲ' ಎಂಬ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಕ್ಕಳು ಇಂಥದ್ದೇನಾದರೂ ಕೇಳಿದಾಗ ಅಪ್ಪ ಅಮ್ಮಂದಿರು ಒಮ್ಮೆಲೇ ಬೇಡವೆನ್ನುವುದಕ್ಕೂ ಕಣ್ಣುಮುಚ್ಚಿ ಹಣ ಕೊಡುವುದಕ್ಕೂ ನಡುವೆ ಒಂದು ದಾರಿಯಿದೆ. ಪಟ್ಟಿ ಬರೆಸಿ. ಪ್ರತಿ ಸಾಲಿನ ಮುಂದೆ 'ಏಕೆ?' ಎಂದು ಕೇಳಿ. ಉತ್ತರ ನಿಮಗೆ ಅರ್ಥವಾಗುವವರೆಗೆ ಬಿಡಬೇಡಿ. ಬೆಂಗಳೂರಿನ ಚೇತನ್ ಮೈನಿ ವಿದ್ಯಾರ್ಥಿಯಾಗಿದ್ದಾಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿದ್ದರು, ಆ ತಂಡ 1990ರಲ್ಲಿ ಅಮೆರಿಕದ ಓಟ ಗೆದ್ದು ಆಸ್ಟ್ರೇಲಿಯಾಕ್ಕೂ ಹೋಗಿತ್ತು. ಅದೇ ಹುಚ್ಚು 2001ರಲ್ಲಿ ಬೆಂಗಳೂರಿನ ರಸ್ತೆಗೆ ರೇವಾ ಎಂಬ ವಿದ್ಯುತ್ ಕಾರನ್ನು ತಂದಿತು. ಪ್ರತಿ ಹುಡುಗನೂ ಹುಡುಗಿಯೂ ಹಾಗಾಗಲಿ ಎಂದಲ್ಲ. ಹುಚ್ಚಿಗೆ ಲೆಕ್ಕ ಸೇರಿದರೆ ಅದು ವಿದ್ಯೆಯಾಗಬಲ್ಲದು ಎಂದಷ್ಟೆ.

ನನ್ನ ತಂಗಿಯ ಭಯ ಹೋಯಿತೆಂದರೆ ಸುಳ್ಳಾಗುತ್ತದೆ. ಈಗಲೂ ಗೇಟಿನ ಚಿಲಕದ ಸದ್ದು ಕೇಳುವವರೆಗೆ ಅವಳಿಗೆ ನಿದ್ದೆಯಿಲ್ಲ. ಆದರೆ 'ನಿಧಾನವಾಗಿ ಹೋಗು' ಎನ್ನುವುದನ್ನು ಬಿಟ್ಟಿದ್ದಾಳೆ. ಮಗ ಹೊರಡುವಾಗ 'ಆಯಿಲ್ ನೋಡಿದ್ಯಾ?' ಎನ್ನುತ್ತಾಳೆ, ಅವನು ನಿಂತು ಉತ್ತರ ಹೇಳಿ ಹೋಗುತ್ತಾನೆ. ಉಳಿದ ಹಣ ಬ್ಯಾಂಕಿನಲ್ಲಿದೆ. ಅವನ ಪಟ್ಟಿಯ ಹಾಳೆಯಲ್ಲಿ ಡಿಫರೆನ್ಷಿಯಲ್ ಈಗ ಕೊನೆಯ ಸಾಲಿಗಿಳಿದಿದೆ. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ಅಮ್ಮನ ಕೈಬರಹದಲ್ಲಿ, ಪರೀಕ್ಷೆ ಮುಗಿದ ಮೇಲೆ.